ಎರಡನೆಯವನು

ಜನವರಿ 9, ಗುರುವಾರ

ತಿದ್ದುವುದಕ್ಕೆಂದು ಕಾದಂಬರಿ ವಾಪಸು ಬಂದಿದೆ. ಮಧ್ಯಾಹ್ನ ಕನ್ನಡಕದ ಅಂಗಡಿಯಲ್ಲಿ ನನ್ನ ಪಾಳಿ ಮುಗಿಸಿ ಮನೆಗೆ ಬಂದರೆ ಬಾಗಿಲಲ್ಲಿ ದಪ್ಪ ಕಟ್ಟು ಕೂತಿತ್ತು, ಹೇಳದೆ ಬಂದ ನೆಂಟರ ಹಾಗೆ. ಬಿಚ್ಚಲು ಧೈರ್ಯ ಸಾಲಲಿಲ್ಲ. ಪಾತ್ರೆ ತೊಳೆದೆ. ಒಲೆ ಒರೆಸಿದೆ. ಹೊಳೆಯುತ್ತಿದ್ದ ಕಿಟಕಿಯನ್ನೂ ಇನ್ನೊಮ್ಮೆ ಒರೆಸಿದೆ. ಈ ವಯಸ್ಸಿನಲ್ಲಿ ಮೊದಲ ಕಾದಂಬರಿ ಬರೆಯಲು ಹೊರಟವಳಿಗೆ ಹೀಗೇ ಆಗಬೇಕು.

ಪ್ರಕಾಶನದ ಸಂಪಾದಕಿ ಫೋನಿನಲ್ಲಿ ಮಾತಾಡಿದರೆ ನನ್ನ ಮಗಳ ವಯಸ್ಸಿನವಳು, ಪೆನ್ಸಿಲ್ ಹಿಡಿದರೆ ನನ್ನ ಅತ್ತೆಯ ವಯಸ್ಸಿನವಳು. ಪುಟಪುಟದ ಅಂಚಿನಲ್ಲೂ ಏನಾದರೂ ಗೀಚಿದ್ದಾಳೆ. "ಇದು ಬೇಕೆ?" "ಇದನ್ನು ಆಗಲೇ ಹೇಳಿದ್ದೀರಿ." ಒಂದು ಕಡೆ ಬರೀ "ಅಯ್ಯೋ" ಎಂದಿದೆ. ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಎಲ್ಲವನ್ನೂ ಹಲ್ಲು ಕಚ್ಚಿ ತಡೆದುಕೊಂಡೆ. ಹದಿನಾರನೇ ಅಧ್ಯಾಯಕ್ಕೆ ಬಂದಾಗ ಮಾತ್ರ ಪುಟ ಕೆಳಗಿಟ್ಟೆ. ಕಥೆಯ ನಾಯಕ, ಲಿಫ್ಟ್ ಮೆಕ್ಯಾನಿಕ್, ಸಾಯುವ ಅಧ್ಯಾಯ ಅದು. ಅಂಚಿನಲ್ಲಿ ಬರೆದಿದ್ದಾಳೆ: "ಮೂವತ್ತು ವರ್ಷ ಈ ಕೆಲಸ ಮಾಡಿದವನು ಒಂದು ತುಂಡು ತಂತಿ ತೆಗೆಯಲು ಮರೆಯುತ್ತಾನೆಯೇ? ನಂಬಿಕೆ ಬರುತ್ತಿಲ್ಲ. ಅವನು ಬಿದ್ದ ಹಾಗಿಲ್ಲ, ನೀವು ತಳ್ಳಿದ ಹಾಗಿದೆ."

ಆ ತಂತಿಯ ವಿದ್ಯೆ ನನಗೆ ಹೇಳಿಕೊಟ್ಟವರು ಇವರೇ, ನನ್ನ ಗಂಡ. ಇವರೂ ಲಿಫ್ಟ್ ಮೆಕ್ಯಾನಿಕ್. ನನಗೆ ಗೊತ್ತಿರುವ ಕಸುಬು ಎರಡೇ, ಕನ್ನಡಕ ಮತ್ತು ಲಿಫ್ಟು. ಕನ್ನಡಕದಿಂದ ಬಿದ್ದು ಯಾರೂ ಸಾಯುವುದಿಲ್ಲವಾದ್ದರಿಂದ ಲಿಫ್ಟನ್ನು ಆರಿಸಿಕೊಂಡೆ. ವಿಷಯ ಇಷ್ಟು. ಯಾವುದೇ ಅಂತಸ್ತಿನ ಬಾಗಿಲು ತೆರೆದಿದ್ದರೂ ಲಿಫ್ಟ್ ಅಲುಗಾಡಬಾರದು, ಅದಕ್ಕಾಗಿ ಪ್ರತಿ ಬಾಗಿಲ ಬೀಗದಲ್ಲೂ ಒಂದು ಸ್ವಿಚ್ ಇರುತ್ತದೆ. ಯಾವುದೋ ಬೀಗ ಕೆಟ್ಟಾಗ ಮೆಕ್ಯಾನಿಕ್‌ಗಳು ಮೇಲಿನ ಯಂತ್ರದ ಕೋಣೆಯಲ್ಲಿ ಒಂದು ತುಂಡು ತಂತಿ ಸಿಕ್ಕಿಸಿ ಲಿಫ್ಟಿಗೆ ಸುಳ್ಳು ಹೇಳುತ್ತಾರೆ: ಬಾಗಿಲುಗಳೆಲ್ಲ ಮುಚ್ಚಿವೆ, ನೀನು ಹೊರಡು ಅಂತ. ಪರೀಕ್ಷೆ ಮುಗಿದ ಮೇಲೆ ಆ ತಂತಿ ತೆಗೆಯಬೇಕು. ಮರೆತರೆ ಲಿಫ್ಟ್ ಕೆಡುವುದಿಲ್ಲ, ಚೆನ್ನಾಗಿಯೇ ಓಡುತ್ತದೆ. ಅಪಾಯ ಇರುವುದೇ ಅಲ್ಲಿ. ಬಾಗಿಲು ತೆರೆದಿದ್ದರೂ ಓಡುತ್ತದೆ. ಯಾರೋ ಬಾಗಿಲು ಎಳೆದು, ಒಳಗೆ ಲಿಫ್ಟ್ ಇದೆಯೆಂದುಕೊಂಡು ಕಾಲಿಡುತ್ತಾರೆ. ನನ್ನ ಕಥೆಯಲ್ಲಿ ಹಾಗೆ ಕಾಲಿಟ್ಟವನು ಮರೆತವನೇ.

ಮಾರ್ಚ್ ಕೊನೆಯೊಳಗೆ ತಿದ್ದಿ ಕೊಡಬೇಕಂತೆ. ಆಗದಿದ್ದರೆ? ಅಂಗಡಿಯ ಯಜಮಾನರಿಂದ ಹಿಡಿದು ಎದುರು ಮನೆಯವರ ತನಕ ಎಲ್ಲರಿಗೂ ಡಂಗುರ ಹೊಡೆದಾಗಿದೆ.

ಜನವರಿ 12, ಭಾನುವಾರ

ಇವರ ಎದುರು ಕೂತು ಕೇಳಿಯೇಬಿಟ್ಟೆ. "ರೀ, ಅನುಭವ ಇರೋನು ತಂತಿ ಮರೀತಾನಾ?"

"ಅನುಭವ ಇರೋನೇ ಮರೆಯೋದು. ಹೊಸಬ ಹೆದರ್ಕೊಂಡು ಎರಡೆರಡು ಸಲ ನೋಡ್ತಾನೆ." ಲೋಟ ಕೆಳಗಿಟ್ಟು ನಕ್ಕರು. "ಏನಂತೆ ನಿನ್ನ ಎರಡನೆಯವನ ಸಮಾಚಾರ?"

ಕಾದಂಬರಿಯ ನಾಯಕನಿಗೆ ಇವರು ಇಟ್ಟಿರುವ ಹೆಸರು ಅದು. ಇವರು ನನ್ನ ಮೊದಲ ಗಂಡ, ಅವನು ಎರಡನೆಯವನು. ಎರಡು ವರ್ಷ ದಿನವೂ ಅವನ ಜೊತೆ ಕೂತಿದ್ದೆನಾದ್ದರಿಂದ ಹೊಟ್ಟೆಕಿಚ್ಚು ಪಡುವ ಹಕ್ಕು ತನಗಿದೆ ಎನ್ನುತ್ತಾರೆ.

"ಅವನು ಸಾಯೋದು ಸರಿಯಾಗಿಲ್ಲವಂತೆ," ಎಂದೆ.

"ನೆಟ್ಟಗೆ ಸಾಯೋಕೂ ಬರಲ್ವಾ ಅವನಿಗೆ? ಎಂಥವನನ್ನ ಕಟ್ಕೊಂಡೆ ಮಾರಾಯ್ತಿ!" ಎಂದು, ಪತ್ರಿಕೆಯ ಪುಟ ತಿರುವಿ, "ಟೀ ಕೊಡ್ತೀಯಾ?" ಎಂದರು. ಕುಡಿದ ಲೋಟ ಮುಂದೆಯೇ ಇತ್ತು. ತೋರಿಸಿದೆ. ತಲೆ ಚಚ್ಚಿಕೊಂಡು ನಕ್ಕು, "ಇದನ್ನೂ ಬರ್ಕೋ, ನಿನ್ನ ಎರಡನೆಯವನಿಗೆ ಆಗುತ್ತೆ," ಎಂದರು.

ಅರೆ, ಆಗುತ್ತದಲ್ಲ! ಒಂದೇ ಸಲ ದೊಡ್ಡ ಮರೆವು ಬಂದರೆ ತಳ್ಳಿದ ಹಾಗೆ ಕಾಣುತ್ತದೆ. ಅದಕ್ಕೆ ಮುಂಚೆ ಅಲ್ಲೊಂದು ಇಲ್ಲೊಂದು ಚಿಕ್ಕ ಮರೆವು ಇಟ್ಟುಬಿಟ್ಟರೆ ಓದುಗ ನಂಬುತ್ತಾನೆ. ಟೀ ಲೋಟವನ್ನು ಹನ್ನೊಂದನೇ ಅಧ್ಯಾಯಕ್ಕೆ ಹಾಕಿದೆ. ಚೆನ್ನಾಗಿ ಕೂತಿತು.

ಜನವರಿ 18, ಶನಿವಾರ

ನನ್ನನ್ನು ಕರೆದುಕೊಂಡು ಹೋಗಲು ಇವರು ಅಂಗಡಿಗೆ ಬಂದಿದ್ದರು. ಗಿರಾಕಿ ಒಬ್ಬಾಕೆ ಚೌಕಟ್ಟಿನ ಮೇಲೆ ಚೌಕಟ್ಟು ಹಾಕಿ ನೋಡುತ್ತ ಮುಖವನ್ನೇ ಬದಲಾಯಿಸಿ ಕೊಡಿ ಎನ್ನುವಷ್ಟು ಕಾಡುತ್ತಿದ್ದಳು. ಹಾಗಾಗಿ ತಡವಾಯಿತು. ಇವರು ಯಜಮಾನರಿಗೆ ಆ ಹಳೇ ತಮಾಷೆ ಹೇಳಿದರು: ಲಿಫ್ಟಿನಲ್ಲಿ ಸಿಕ್ಕಿಕೊಂಡ ವಕೀಲರು ಬಿಡುಗಡೆಗೆ ಅರ್ಜಿ ಹಾಕಿದ್ದು. ಯಜಮಾನರು ಹೊಟ್ಟೆ ಹಿಡಿದು ನಕ್ಕರು. ಗಿರಾಕಿ ಹೋದ ಮೇಲೆ, ನಾನು ಚೀಲ ತೆಗೆದುಕೊಳ್ಳುವಷ್ಟರಲ್ಲಿ, ಅದೇ ತಮಾಷೆಯನ್ನು ಅವರಿಗೇ ಮತ್ತೆ ಮೊದಲಿಂದ ಹೇಳಿದರು. ಯಜಮಾನರು ನನ್ನ ಮುಖ ನೋಡಿ ಮತ್ತೊಮ್ಮೆ ನಕ್ಕರು. ಒಳ್ಳೆಯ ಮನುಷ್ಯ.

ದಾರಿಯಲ್ಲಿ ಹೇಳಿದಾಗ ಇವರು, "ಹೌದಾ? ಬರ್ಕೋ ಬರ್ಕೋ," ಎಂದರು. ಮನೆಗೆ ಬಂದವಳೇ ಬರೆದೆ. ಅಧ್ಯಾಯ ಹನ್ನೆರಡು.

ಜನವರಿ 21, ಮಂಗಳವಾರ

ಬೆಳಗ್ಗೆಯಿಂದ ತಿದ್ದಿದ್ದು ಒಂದು ವಾಕ್ಯ. ಸಂಜೆ ಅದನ್ನೂ ಹೊಡೆದುಹಾಕಿದೆ. ಮೊದಲ ಕರಡು ಬರೆಯುವಾಗ ಕುರುಡು ಧೈರ್ಯವಿತ್ತು. ಈಗ ಕಣ್ಣು ಬಿಟ್ಟಿದೆ, ಧೈರ್ಯ ಹೋಗಿದೆ. ಇದು ಅಚ್ಚಾಗಿ ಬಂದು ಜನ ನಕ್ಕರೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ?

ಫೆಬ್ರವರಿ 2, ಭಾನುವಾರ

ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಇವರು ಹಳೇ ಪತ್ರಿಕೆ ಹಾಸಿ ನಲ್ಲಿಯನ್ನು ಬಿಚ್ಚಿಟ್ಟರು. ವಾಷರು, ತಿರುಪು, ಉಂಗುರ, ಎಲ್ಲ ಸಾಲಾಗಿ, ಬಿಚ್ಚಿದ ಕ್ರಮದಲ್ಲಿ. ಇವರ ಅಚ್ಚುಕಟ್ಟೇ ಅಚ್ಚುಕಟ್ಟು. ನಾನು ಹದಿಮೂರನೇ ಅಧ್ಯಾಯದ ಮಳೆಯನ್ನು ತೆಗೆಯಬೇಕೇ ಬೇಡವೇ ಎಂದು ಒದ್ದಾಡುತ್ತ ಮೇಜಿನ ಮುಂದೆ ಕೂತಿದ್ದೆ. ಬಹಳ ಹೊತ್ತಾದ ಮೇಲೆ ತಲೆ ಎತ್ತಿದರೆ ಇವರು ಇನ್ನೂ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಭಾಗಗಳೂ ಹಾಗೇ ಇವೆ. ಕೈಯಲ್ಲಿ ಒಂದು ಉಂಗುರ ಹಿಡಿದು ಅದನ್ನೇ ನೋಡುತ್ತಿದ್ದಾರೆ.

"ಏನ್ರೀ?"

"ಇದು ಮೊದಲನೇದಾ, ಕೊನೇದಾ ಅಂತ..."

ಮೂವತ್ತು ವರ್ಷ ಮನುಷ್ಯರನ್ನು ಮೇಲಕ್ಕೆ ಕೆಳಕ್ಕೆ ಓಡಾಡಿಸಿದ ಕೈಗೆ ಒಂದು ನಲ್ಲಿ ಜೋಡಿಸಲು ಬರಲಿಲ್ಲ! ಆಮೇಲೆ ಕೆಳಗಿನ ಅಂಗಡಿಯಿಂದ ಹೊಸ ನಲ್ಲಿ ತಂದು ಹಾಕಿದರು. "ಹಳೇದು ಸವೆದಿತ್ತು," ಎಂದರು. ನಾನು ಅಷ್ಟರಲ್ಲಿ ಕಾಗದ ತೆಗೆದಿದ್ದೆ. ಎರಡನೆಯವನನ್ನು ಪತ್ರಿಕೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರಿಸಿ, ಕೈಗೆ ಉಂಗುರ ಕೊಟ್ಟೆ. ಇಡೀ ಕಾದಂಬರಿಯಲ್ಲೇ ಒಳ್ಳೆಯ ಪುಟ ಅದು. ನಾನೇ ಬರೆದೆನೇ ಎನಿಸಿತು. ಮಳೆಯನ್ನು ತೆಗೆದುಹಾಕಿದೆ.

ಫೆಬ್ರವರಿ 8, ಶನಿವಾರ

ಇವತ್ತು ಬಂಗಾರದಂಥದ್ದು ಸಿಕ್ಕಿತು. ಇವರು ಮನೆಗೆ ತಡವಾಗಿ ಬಂದರು. ಕೇಳಿದರೆ, "ಹಳೇ ಮನೆಗೆ ಹೋಗ್ಬಿಟ್ಟಿದ್ದೆ ಕಣೇ. ಮೆಟ್ಲು ಹತ್ತಿ ಬೆಲ್ ಒತ್ತಿದೆ. ಯಾರೋ ಬನಿಯನ್ ಹಾಕ್ಕೊಂಡಿರೋ ಗಂಡಸು ಬಾಗಿಲು ತೆಗೆದ. ಒಂದು ಕ್ಷಣ ಅವನನ್ನೇ, ಯಾರಯ್ಯಾ ನೀನು ನಮ್ಮನೇಲಿ ಅಂತ ಕೇಳ್ಬಿಡ್ತಿದ್ದೆ," ಎಂದು ಜೋರಾಗಿ ನಕ್ಕರು. ಆ ಬಾಡಿಗೆ ಮನೆ ಬಿಟ್ಟಿದ್ದು ಮಗಳು ಹೈಸ್ಕೂಲಿನಲ್ಲಿದ್ದಾಗ. ಈಗ ಅವಳ ಮಗನೇ ಶಾಲೆಗೆ ಹೋಗುತ್ತಾನೆ.

"ಕಾಲಿಗೆ ಅಭ್ಯಾಸ ಅಲ್ವಾ," ಎಂದೆ, ನಗುತ್ತ.

"ಬರ್ಕೋ," ಎಂದರು. ನಗು ನಿಂತಿತ್ತು. ಮುಖ ತೊಳೆಯಲು ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಅಷ್ಟರಲ್ಲಿ ಹದಿನೈದನೇ ಅಧ್ಯಾಯ ಮುಗಿಸಿದೆ.

ಸೋಮವಾರ ಹನ್ನೊಂದರಿಂದ ಹದಿನಾರರವರೆಗೆ ಸಂಪಾದಕಿಗೆ ಕಳಿಸುತ್ತೇನೆ. ಈ ಸಲ ತಳ್ಳಿದ ಹಾಗಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಕರೆದುಕೊಂಡು ಹೋಗಿದ್ದೇನೆ.

ಫೆಬ್ರವರಿ 23, ಭಾನುವಾರ

ಸಂಪಾದಕಿಯ ಉತ್ತರ ಬಂದಿದೆ. ಹಾಗೆಯೇ ಇಳಿಸಿಕೊಳ್ಳುತ್ತೇನೆ.

"ಈಗ ಪೂರ್ತಿ ನಂಬಿದೆ. ನಲ್ಲಿಯ ಪುಟ ಓದಿ ಎದ್ದು ಹೋಗಿ ನೀರು ಕುಡಿದೆ. ಇವನಿಗೆ ಮರೆವಿನ ಕಾಯಿಲೆ ಎಂಬುದನ್ನು ನೀವು ಎಲ್ಲೂ ಹೆಸರಿಸದೆ ತೋರಿಸಿದ್ದೀರಿ, ಅದೇ ಚೆಂದ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಓದುಗರಿಗೆ ಇಷ್ಟು ಸ್ಪಷ್ಟವಾಗಿ ಕಾಣುವುದು, ಒಂದೇ ಮನೆಯಲ್ಲಿರುವ ಹೆಂಡತಿಗೆ ಯಾಕೆ ಕಾಣಲಿಲ್ಲ?"

ಇವರು ಪಕ್ಕದ ಕೋಣೆಯಲ್ಲಿ ರೇಡಿಯೊ ಕೇಳುತ್ತಿದ್ದಾರೆ.

ಫೆಬ್ರವರಿ 24, ಸೋಮವಾರ

ನಾನು ಕಾಯಿಲೆಯ ಬಗ್ಗೆ ಬರೆದಿಲ್ಲ. ನಾನು ಬರೆದದ್ದು ಮರೆವಿನ ಬಗ್ಗೆ, ಎಲ್ಲರಿಗೂ ಇರುವಂಥದ್ದು. ಕನ್ನಡಕ ಹಣೆಯ ಮೇಲೆ ಇಟ್ಟುಕೊಂಡು ಕನ್ನಡಕ ಕಳೆದಿದೆ ಎಂದು ನಮ್ಮ ಅಂಗಡಿಗೆ ಬರುವವರಿಲ್ಲವೇ? ಹೀಗೆಲ್ಲ ಬೆಳಗ್ಗೆಯಿಂದ ನನಗೇ ಹೇಳಿಕೊಳ್ಳುತ್ತಿದ್ದೇನೆ. ಹೇಳಿಕೊಂಡಷ್ಟೂ ನಂಬಿಕೆ ಬರುತ್ತಿಲ್ಲ.

ಮಗಳಿಗೆ ಫೋನು ಮಾಡಿದೆ. "ಅಪ್ಪನಲ್ಲಿ ಏನಾದ್ರೂ ವ್ಯತ್ಯಾಸ ಕಾಣ್ತಿದೆಯಾ ನಿಂಗೆ?" ಎಂದು ಕೇಳಿದೆ. ಆ ಕಡೆ ಅವಳು ಕುರ್ಚಿ ಎಳೆದು ಕೂತ ಸದ್ದು ಕೇಳಿತು.

"ಅಮ್ಮ, ಬೆಳಗ್ಗೆ ಫೋನ್ ಮಾಡಿ ಹೇಳಿದ್ದನ್ನೇ ಮಧ್ಯಾಹ್ನ ಫೋನ್ ಮಾಡಿ ಹೇಳ್ತಾರೆ. ಹೋದ ತಿಂಗಳು ಮೊಮ್ಮಗನ ಹೆಸರು ಕೇಳಿದ್ರು. ನಿಂಗೆ ಹೇಳಿದ್ರೆ ಹೆದರ್ತೀಯ, ಪುಸ್ತಕ ಬೇರೆ ನಡೀತಿದೆ ಅಂತ ಸುಮ್ನಿದ್ದೆ."

ಪುಸ್ತಕ ಬೇರೆ ನಡೀತಿದೆ.

ಇವರು ದಿನವೂ ಲಿಫ್ಟಿನ ಗುಂಡಿಯೊಳಗೆ ಇಳಿಯುತ್ತಾರೆ, ಲಿಫ್ಟಿನ ತಲೆಯ ಮೇಲೆ ನಿಂತು ಕೆಲಸ ಮಾಡುತ್ತಾರೆ. ಜೇಬಿನಲ್ಲಿ ಸದಾ ಆ ತಂತಿ. ನಾನು ಹದಿನಾರನೇ ಅಧ್ಯಾಯದಲ್ಲಿ ಯಾರನ್ನು ಸಾಯಿಸಿದ್ದೇನೆ? ಬರೆದು ಬರೆದು ನಾನೇ ಇದನ್ನು ಬರಮಾಡಿಕೊಂಡೆನೇ? ಹುಚ್ಚು ಯೋಚನೆ ಎಂದು ಗೊತ್ತು. ಆದರೂ ಆ ಅಧ್ಯಾಯವನ್ನು ಮಡಿಸಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ, ಕಣ್ಣಿಗೆ ಬೀಳದ ಹಾಗೆ.

ಫೆಬ್ರವರಿ 26, ಬುಧವಾರ

ಡಾಕ್ಟರ ಮಾತೆತ್ತಿದೆ. ತಪ್ಪಾಯಿತು. ಇಷ್ಟು ವರ್ಷದಲ್ಲಿ ಇವರು ನನ್ನ ಮೇಲೆ ಹೀಗೆ ಕೂಗಾಡಿರಲಿಲ್ಲ.

"ನಿನ್ನ ಕಥೆಗೆ ಹುಚ್ಚ ಬೇಕಿತ್ತು, ನನ್ನನ್ನ ಮಾಡ್ಕೊಂಡೆ. ಸಾಕು. ಅದನ್ನ ತಂದು ನನ್ನ ತಲೆಗೆ ಕಟ್ಬೇಡ."

"ಕೆಲಸಕ್ಕೆ ಸ್ವಲ್ಪ ದಿನ ರಜ ಹಾಕಿ ಅಂದೆ ಅಷ್ಟೇ..."

"ರಜ ಹಾಕಿ ಏನ್ಮಾಡ್ಲಿ? ಇಲ್ಲಿ ಕೂತ್ಕೊಂಡು ಸೂರಿನ ಜಂತೆ ಎಣಿಸ್ಲಾ? ಲಿಫ್ಟ್ ನನ್ನ ಕೈಗೆ ಗೊತ್ತು, ತಲೆಗೆ ಗೊತ್ತಿರ್ಬೇಕಾಗಿಲ್ಲ." ಬಾಗಿಲು ಎಳೆದುಕೊಂಡು ಹೋದರು. ಎಳೆದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಬಿತ್ತು.

ಇವರ ಕಂಪನಿಗೆ ನಾನೇ ಫೋನು ಮಾಡಿ ಹೇಳಿಬಿಡಲೇ ಎಂದು ರಿಸೀವರು ಎತ್ತಿದೆ. ಏನೆಂದು ಹೇಳುವುದು, ನನ್ನ ಸಂಪಾದಕಿಗೆ ಅನುಮಾನ ಬಂದಿದೆ ಅಂತಲೇ? ಇಟ್ಟುಬಿಟ್ಟೆ. ಇವರು ವಾಪಸು ಬರುವ ತನಕ ಕಿಟಕಿ ಬಿಟ್ಟು ಅಲುಗಾಡಲಿಲ್ಲ. ಅಂಗಡಿಗೂ ಹೋಗಲಿಲ್ಲ.

ಮಾರ್ಚ್ 1, ಶನಿವಾರ

ಇವರ ಜೊತೆ ಮಾತಾಡಲು ಆಗುತ್ತಿಲ್ಲ. ಎರಡನೆಯವನ ಜೊತೆ ಆಗುತ್ತದೆ. ಇಷ್ಟು ದಿನ ಅವನನ್ನು ಸಾಯಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದೆ. ಬೀರುವಿನಿಂದ ಅಧ್ಯಾಯ ತೆಗೆದು, ಸಾಯದಂತೆ ತಡೆಯುವುದು ಹೇಗೆ ಎಂದು ಯೋಚಿಸಿದೆ. ಭಯದಲ್ಲಿ ತಲೆ ಚೆನ್ನಾಗಿ ಓಡುತ್ತದೆ. ಹೊಸದಾಗಿ ಎರಡು ಪುಟ ಬರೆದೆ. ಕಾದಂಬರಿಯ ಹೆಂಡತಿ ಒಂದು ಬೆಳಗ್ಗೆ ಮನೆಯ ಕೀಯನ್ನು ಗಂಡನ ತಂತಿಗೆ ಗಟ್ಟಿಯಾಗಿ ಕಟ್ಟಿಬಿಡುತ್ತಾಳೆ. ತಂತಿ ಲಿಫ್ಟಿನಲ್ಲೇ ಉಳಿದರೆ ಕೀಯೂ ಅಲ್ಲೇ ಉಳಿಯಬೇಕು. ತಂತಿ ಬಿಟ್ಟು ಬಂದವನು ಮನೆಯೊಳಗೆ ಕಾಲಿಡಲಾರ.

ಊಟವಾದ ಮೇಲೆ, ತಾಂತ್ರಿಕ ತಪ್ಪಿದ್ದರೆ ಹೇಳಿ ಎಂದು ಸುಳ್ಳು ಹೇಳಿ, ಗಟ್ಟಿಯಾಗಿ ಓದಿದೆ. ಇವರು ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ ಕೇಳಿದರು. ಮತ್ತೆ ಕೂಗಾಡುತ್ತಾರೆ ಎಂದುಕೊಂಡೆ.

"ತಪ್ಪಿಲ್ಲ," ಎಂದರು ಕೊನೆಗೆ. "ನಿನ್ನ ಎರಡನೆಯವನಿಗೆ ಒಳ್ಳೇ ಹೆಂಡತಿ ಸಿಕ್ಕಿದಾಳೆ."

ಎದ್ದು ಹೋಗಿ ಗೂಡಿನಿಂದ ಕೀ ತೆಗೆದರು. ಜೇಬಿನಿಂದ ತಂತಿ ತೆಗೆದರು. ನನ್ನ ಮುಂದೆಯೇ ಕೂತು, ಒಂದಕ್ಕೊಂದು ಕಟ್ಟಿ, ಎಳೆದು ನೋಡಿ, ಇನ್ನೊಂದು ಗಂಟು ಹಾಕಿದರು.

ಮಾರ್ಚ್ 3, ಸೋಮವಾರ

ಬೀಗದಲ್ಲಿ ಕೀ ತಿರುಗಿದ ಸದ್ದು. ಬಂದರು. ಅಷ್ಟು ಸಿಹಿಯಾದ ಸದ್ದು ನಾನು ಕೇಳಿಲ್ಲ.

ಮಾರ್ಚ್ 4, ಮಂಗಳವಾರ

ಬಂದರು.

ಮಾರ್ಚ್ 5, ಬುಧವಾರ

ಬಂದರು. ಸ್ವಲ್ಪ ತಡ. ಅಷ್ಟರಲ್ಲಿ ನಾನು ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ. ಎದುರು ಮನೆಯವರು ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ. ತಿದ್ದುವ ಕೆಲಸ ಒಂದು ಸಾಲೂ ಮುಂದೆ ಹೋಗಿಲ್ಲ. ಹೋಗದಿದ್ದರೆ ಬೇಡ.

ಮಾರ್ಚ್ 7, ಶುಕ್ರವಾರ

ನಿನ್ನೆ ಬರೆಯಲಾಗಲಿಲ್ಲ. ಬೆಳಗಿನ ಬೆಳಕಿನಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಸಂಜೆ, ಬಿಸಿಲು ಇನ್ನೂ ಇತ್ತು, ಕರೆಗಂಟೆ ಸದ್ದಾಯಿತು. ಪೋಸ್ಟಿನವನು ಇರಬಹುದು ಎಂದು ಬಾಗಿಲು ತೆಗೆದರೆ ಇವರು. ಅಂಗಿಯ ಜೇಬು, ಪ್ಯಾಂಟಿನ ಜೇಬು ತಡಕಾಡುತ್ತ ನಿಂತಿದ್ದರು. "ಕೀ ಎಲ್ಲೋ ಬಿದ್ಹೋಗಿದೆ ಕಣೇ. ಇನ್ನೊಂದು ಮಾಡಿಸಿದ್ರಾಯ್ತು," ಎಂದು ಒಳಗೆ ಬಂದು ಚಪ್ಪಲಿ ಬಿಟ್ಟರು.

"ತಂತಿ?" ಎಂದೆ.

"ಯಾವ ತಂತಿ?"

"ಇವತ್ತು ಎಲ್ಲಿ ಕೆಲಸ ಇತ್ತು ನಿಮಗೆ? ಯಾವ ಕಟ್ಟಡ?"

ಇವರು ನನ್ನನ್ನು ನೋಡಿ ಮುಗುಳ್ನಕ್ಕರು. ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಹಲಗೆಯ ಕೊನೇ ಸಾಲು ಓದಲಾಗದವರು ಹೀಗೇ ನಗುತ್ತಾರೆ, ಇನ್ನೊಂದು ಕ್ಷಣ ಕೊಟ್ಟರೆ ಊಹಿಸಿ ಹೇಳುತ್ತೇನೆ ಎನ್ನುವ ಹಾಗೆ. ಆ ನಗು ಮೆಲ್ಲಗೆ ಹೋಯಿತು. ಅದು ಹೋಗುವುದನ್ನು ನಾನು ನೋಡಿದೆ. "ಗೊತ್ತಾಗ್ತಿಲ್ಲ," ಎಂದರು.

ಕಂಪನಿಗೆ ಫೋನು ಮಾಡಿದೆ. ದೂರು ಬರೆದುಕೊಳ್ಳುವ ಹುಡುಗಿ ನಿಧಾನವಾಗಿ ಹುಡುಕಿ ಹೇಳಿದಳು: ಬೆಳಗ್ಗೆ, ಅಂಚೆ ಕಚೇರಿಯ ಹಿಂದಿನ ಹಳೇ ಕಟ್ಟಡ, ಮೂರನೇ ಅಂತಸ್ತಿನ ಬಾಗಿಲ ಬೀಗ ಕೆಟ್ಟಿತ್ತು. "ಕೆಲಸ ಮುಗೀತು ಅಂತ ಇದೆ ಮೇಡಂ. ಲಿಫ್ಟ್ ಚೆನ್ನಾಗಿ ಓಡ್ತಿದೆಯಂತೆ." ಚೆನ್ನಾಗಿ ಓಡುತ್ತಿದೆ! ಆ ಕಟ್ಟಡ ನನಗೆ ಗೊತ್ತು. ಮೂರನೇ ಅಂತಸ್ತಿನಲ್ಲೇ ಮಕ್ಕಳ ನೃತ್ಯದ ಕ್ಲಾಸು. ಸಂಜೆ ಬಿಡುತ್ತದೆ.

ಹುಡುಗಿ ಹೇಳಿದ್ದನ್ನು ಇವರಿಗೆ ಹೇಳುತ್ತಲೇ ಅಲ್ಲಿನ ಕಾವಲುಗಾರನ ನಂಬರು ಪಡೆದು ಮಾಡಿದೆ. ಲಿಫ್ಟ್ ನಿಲ್ಲಿಸು ಎಂದರೆ ಅವನು, "ಈಗ ತಾನೇ ಸರಿಯಾಗಿದೆ, ಯಾಕಮ್ಮ ನಿಲ್ಲಿಸ್ಲಿ? ಯಾರು ನೀವು?" ಎಂದು ವಾದಕ್ಕೆ ನಿಂತ. ಇವರು ಫೋನು ಕಿತ್ತುಕೊಂಡರು.

"ನೋಡಪ್ಪಾ, ಬೆಳಗ್ಗೆ ಬಂದಿದ್ದ ಮೆಕ್ಯಾನಿಕ್ ಮಾತಾಡ್ತಿರೋದು. ಮೊದ್ಲು ಲಿಫ್ಟಿನ ಮೇನ್ ಸ್ವಿಚ್ ಕೆಳಗಿಳ್ಸು. ಇಳ್ಸಿದ್ಯಾ? ಫೋನ್ ಇಡ್ಬೇಡ. ಈಗ ಮೂರನೇ ಫ್ಲೋರಿಗೆ ಮೆಟ್ಲಲ್ಲಿ ಓಡು. ಬಾಗಿಲಿಗೆ ಬೆನ್ನು ಕೊಟ್ಟು ನಿಂತ್ಕೋ. ನಾನು ಬರೋವರೆಗೂ ಯಾರೂ ಮುಟ್ಟಬಾರ್ದು, ನೀನೂ ಮುಟ್ಟಬಾರ್ದು." ಒಂದು ತಡವರಿಕೆ ಇಲ್ಲ. ಕ್ಷಣದ ಹಿಂದೆ ಎಲ್ಲಿಗೆ ಹೋಗಿದ್ದೆನೆಂದು ತಿಳಿಯದವರು ಇವರೇ ಹೌದೇ ಎಂದು ನೋಡಿದೆ.

ಸಿಕ್ಕ ಮೊದಲ ಟ್ಯಾಕ್ಸಿ ಹತ್ತಿದೆವು. ದಾರಿಯುದ್ದಕ್ಕೂ ಇವರು ನನ್ನ ಕೈ ಹಿಡಿದಿದ್ದರು, ನೋಯುವಷ್ಟು ಬಿಗಿಯಾಗಿ. ನಾನು ಕಿವಿ ನಿಮಿರಿಸಿ ಆಂಬ್ಯುಲೆನ್ಸಿನ ಸದ್ದಿಗೆ ಕಾಯುತ್ತಿದ್ದೆ.

ಸದ್ದಿರಲಿಲ್ಲ. ಕಟ್ಟಡದ ಮೆಟ್ಟಿಲ ತುಂಬ ಹುಡುಗಿಯರು ಗಲಗಲ ಎನ್ನುತ್ತ ಇಳಿದು ಬರುತ್ತಿದ್ದರು. ಒಬ್ಬಳು ಇವರ ಸಮವಸ್ತ್ರ ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಅಂಕಲ್, ಬೆಳಗ್ಗೆ ರಿಪೇರಿ ಮಾಡಿ ಮತ್ತೆ ಕೆಡಿಸಿಬಿಟ್ರಾ?"

"ಹೌದು ಪುಟ್ಟಿ, ನಾನೇ ಕೆಡಿಸ್ದೆ," ಎಂದರು. "ಹುಷಾರಾಗಿ ಇಳ್ಕೊಂಡು ಹೋಗಿ."

ಮೂರನೇ ಅಂತಸ್ತಿನಲ್ಲಿ ಕಾವಲುಗಾರ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದ. ಇವರು ಅವನನ್ನು ಸರಿಸಿ ಬಾಗಿಲು ಎಳೆದರು. ಬೀಗ ಇನ್ನೂ ಕೆಟ್ಟೇ ಇತ್ತು, ಬೆರಳಿನಲ್ಲಿ ಎಳೆದಷ್ಟಕ್ಕೇ ತೆರೆದುಕೊಂಡಿತು. ಒಳಗೆ ಲಿಫ್ಟ್ ಇರಲಿಲ್ಲ. ಗ್ರೀಸ್ ಹಚ್ಚಿದ ಹಗ್ಗಗಳು, ಬೆಚ್ಚನೆಯ ಗಾಳಿ. ನನ್ನ ಕರಡಿನಲ್ಲಿ ಇದನ್ನು "ಕಗ್ಗತ್ತಲ ಬಾವಿ" ಎಂದು ಬರೆದಿದ್ದೆ. ಸುಳ್ಳು. ಕೆಳಗಿನ ತನಕ ಎಲ್ಲ ಕಾಣುತ್ತಿತ್ತು. ತಳದಲ್ಲಿ ಒಂದು ಬಲ್ಬು ಉರಿಯುತ್ತಿತ್ತು, ಅದರ ಪಕ್ಕ ಯಾವಾಗಲೋ ಬಿದ್ದ ಯಾವುದೋ ಮಗುವಿನ ಹೇರ್‌ಬ್ಯಾಂಡ್ ಇತ್ತು.

ಮೇಲಿನ ಯಂತ್ರದ ಕೋಣೆಗೆ ನಾನೂ ಹತ್ತಿದೆ. ಪೆಟ್ಟಿಗೆಯೊಳಗೆ ತಂತಿ ಸಿಕ್ಕಿಸಿದ ಹಾಗೇ ಇತ್ತು. ಅದರ ಕೊನೆಯಲ್ಲಿ ನಮ್ಮ ಮನೆಯ ಕೀ ನೇತಾಡುತ್ತಿತ್ತು. ಇವರು ಅದನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದರು.

"ಹೋದ ತಿಂಗಳು."

"ನಂಗೆ ಹೋದ ವರ್ಷದಿಂದ ಗೊತ್ತು ಕಣೇ. ಬರ್ಕೋ ಬರ್ಕೋ ಅಂತ ಪ್ರತಿ ಸಲ ಹೇಳ್ತಿದ್ನಲ್ಲ. ಬಾಯಿಬಿಟ್ಟು ಹೇಳೋಕೆ ಭಯ ಆಗ್ತಿತ್ತು. ನೀನು ಬರೀತಾ ಬರೀತಾ ನಿಂಗೇ ಗೊತ್ತಾಗುತ್ತೆ ಅಂದ್ಕೊಂಡೆ."

ನಾನು ಪ್ರತಿ ಸಲವೂ ಎಷ್ಟು ಖುಷಿಯಿಂದ ಕಾಗದ ತೆಗೆಯುತ್ತಿದ್ದೆ! ಇವರು ಮುಂದೆ ಕೂತು ಅದನ್ನು ನೋಡುತ್ತಿದ್ದರು.

ಮಾರ್ಚ್ 11, ಮಂಗಳವಾರ

ಇವರೇ ಕಂಪನಿಗೆ ಹೋಗಿ ಎಲ್ಲ ಹೇಳಿ ಉಪಕರಣದ ಚೀಲ ಒಪ್ಪಿಸಿ ಬಂದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಈಚೆಗೆ ತಾನು ಮುಟ್ಟಿದ ಲಿಫ್ಟುಗಳನ್ನೆಲ್ಲ ಇನ್ನೊಬ್ಬರು ನೋಡಲೇಬೇಕು, ತನಗೆ ನೆನಪಿಲ್ಲ ಎಂದು ಹಟ ಹಿಡಿದರಂತೆ. ಇವತ್ತು ಮೇಲ್ವಿಚಾರಕರು ಫೋನು ಮಾಡಿ ಎಲ್ಲೂ ಏನೂ ಉಳಿದಿಲ್ಲ ಎಂದು ತಿಳಿಸುವ ತನಕ ಇಬ್ಬರೂ ಫೋನಿನ ಪಕ್ಕ ಬಿಟ್ಟು ಏಳಲಿಲ್ಲ.

ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಇವರ ಬಗ್ಗೆ ಬರೆದುಕೊಂಡದ್ದು ಸಾಕು.

ಮಾರ್ಚ್ 23, ಭಾನುವಾರ

ಭಯ ಹೋಗಿಲ್ಲ. ಇವರು ಬಚ್ಚಲಿಗೆ ಹೋಗಿ ತಡವಾದರೂ ಹೋಗಿ ಬಾಗಿಲು ತಟ್ಟುತ್ತೇನೆ. ಅಂಗಡಿಯ ಯಜಮಾನರು ವಾರದಲ್ಲಿ ನಾಲ್ಕು ದಿನ ಬಂದರೆ ಸಾಕು ಎಂದಿದ್ದಾರೆ. ಆ ನಾಲ್ಕು ದಿನವೂ ಇವರು ನನ್ನ ಜೊತೆ ಬಂದು ಮೂಲೆಯಲ್ಲಿ ಕೂತು, ಗಿರಾಕಿಗಳ ಸಡಿಲವಾದ ಕನ್ನಡಕಗಳ ತಿರುಪು ಬಿಗಿ ಮಾಡಿಕೊಡುತ್ತಾರೆ. ವಕೀಲರ ತಮಾಷೆ ಹೇಳುತ್ತಾರೆ. ಗಿರಾಕಿಗಳು ಬದಲಾಗುತ್ತಿರುತ್ತಾರಾದ್ದರಿಂದ ತೊಂದರೆಯಿಲ್ಲ.

ಹದಿನಾಲ್ಕು, ಹದಿನೈದು, ಎಲ್ಲ ತಿದ್ದಿ ಮುಗಿಸಿದೆ. ಹದಿನಾರನ್ನು ಪೂರ್ತಿ ಹರಿದು ಹೊಸದಾಗಿ ಬರೆದೆ. ಈಗ ಅದರಲ್ಲಿ ಯಾರೂ ಬೀಳುವುದಿಲ್ಲ. ಒಂದು ಸಂಜೆ ಕರೆಗಂಟೆ ಸದ್ದಾಗುತ್ತದೆ, ಹೆಂಡತಿ ಹೋಗಿ ಬಾಗಿಲು ತೆಗೆಯುತ್ತಾಳೆ. ಸಂಪಾದಕಿಯ ಪ್ರಶ್ನೆ ಅವಳ ಪತ್ರದಲ್ಲಿ ಇನ್ನೂ ಹಾಗೇ ಇತ್ತು: ಹೆಂಡತಿಗೆ ಯಾಕೆ ಕಾಣಲಿಲ್ಲ? ಅದರ ಕೆಳಗೆ ಉತ್ತರ ಬರೆದೆ. "ಕಂಡಿತ್ತು. ಅವಳು ಅದನ್ನು ಬರೆದುಕೊಳ್ಳುತ್ತಿದ್ದಳು."

ಕಟ್ಟು ಕಟ್ಟುವಾಗ ಇವರು ಬಂದು ಎದುರು ಕೂತು, ದಾರದ ಗಂಟಿನ ಮೇಲೆ ಬೆರಳಿಟ್ಟು ಹಿಡಿದುಕೊಂಡರು.

"ಮುಗೀತಾ?"

"ಮುಗೀತು."

"ನಿನ್ನ ಎರಡನೆಯವನು? ಸತ್ನಾ, ಬದುಕಿದ್ನಾ?"

"ಬದುಕಿದ."

"ಒಳ್ಳೇದಾಯ್ತು," ಎಂದರು. ನಾನು ಇನ್ನೊಂದು ಸುತ್ತು ದಾರ ಸುತ್ತಿದೆ. ಇವರು ಕಿಟಕಿಯಾಚೆ ನೋಡಿದರು, ಕಟ್ಟನ್ನು ನೋಡಿದರು, ನನ್ನನ್ನು ನೋಡಿದರು.

"ಮುಗೀತಾ?" ಎಂದು ಕೇಳಿದರು.

"ಮುಗೀತು."

"ನಿನ್ನ ಎರಡನೆಯವನು ಏನಾದ?"

"ಬದುಕಿದ ರೀ," ಎಂದೆ.

"ಹೌದಾ!" ಇವರ ಮುಖ ಅರಳಿತು. "ಒಳ್ಳೇದಾಯ್ತು."